ಏಳು ಒಡೆಯರ ಒಂದು ಬಾಟಲಿ

ಅರ್ಜೆಂಟೀನಾದ ಮೆಂಡೋಜಾ ಪ್ರಾಂತದಿಂದ ಬರುವ ‘ಕ್ಲೋಸ್ ದೆ ಲೋಸ್ ಸಿಯೆತೆ’ ಎಂಬ ಕೆಂಪು ವೈನಿನ ಲೇಬಲ್ಲಿನ ಮೇಲೆ ಏಳು ಮೊನೆಯ ನಕ್ಷತ್ರವಿದೆ. ಏಳು ಪಾಲುದಾರರು ಕೂಡಿ ಕಟ್ಟಿದ ತೋಟದ ಗುರುತು ಅದು. ಅಮೆರಿಕದ ಅಂಗಡಿಗಳಲ್ಲಿ ಈ ಬಾಟಲಿಯ ಬೆಲೆ ಸುಮಾರು 20 ಡಾಲರು. ಅಲ್ಲಿನ ಸಾಮಾನ್ಯ ಸಂಬಳದಾರ ಮನೆಗೆ ನೆಂಟರು ಬಂದ ದಿನ ಹೆಚ್ಚು ಯೋಚಿಸದೆ ಕೊಳ್ಳಬಹುದಾದ ಬೆಲೆ. ಇದನ್ನು ಮಾಡಿದವರು ಮಾತ್ರ ಸಾಮಾನ್ಯರಲ್ಲ. ಫ್ರಾನ್ಸಿನ ಬೋರ್ದೋ ಪ್ರದೇಶದಲ್ಲಿ ದುಬಾರಿ ವೈನು ಮಾಡುವ ಮನೆತನಗಳವರು.

ಈ ವೈನನ್ನು ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ನೆಲದಲ್ಲಿ ನಿಂತು ತೂಗಿ ನೋಡಲು ನನಗೆ ಎರಡು ಕಾರಣಗಳಿವೆ. ಕೃಷ್ಣೆಯ ದಂಡೆಯ ಈ ಸೀಮೆ ದ್ರಾಕ್ಷಿ ಬಲ್ಲ ಸೀಮೆ. ಸಾವಳಗಿಯ ಸುತ್ತಲಿನ ಊರುಗಳಲ್ಲಿ ದ್ರಾಕ್ಷಿ ಪಡ (ತೋಟ) ಎಬ್ಬಿಸಿ, ಚಾಟ್ನಿ (ಬಳ್ಳಿ ಸವರುವಿಕೆ) ಮಾಡಿ, ಹಣ್ಣು ಒಣಗಿಸಿ ಮಾರುವ ಕೆಲಸದಲ್ಲಿ ಪಳಗಿದ ರೈತರಿದ್ದಾರೆ. ಇನ್ನೊಂದು ಕಾರಣ, ಈ ಅರ್ಜೆಂಟೀನಾ ವೈನಿನ ಹಿಂದಿರುವ ಮಿಶೆಲ್ ರೋಲಾಂ ಎಂಬ ವ್ಯಕ್ತಿಯ ಹೆಸರು ಕರ್ನಾಟಕದ ನಂದಿ ಬೆಟ್ಟದ ತಪ್ಪಲಿನ ವೈನಿಗೂ ಅಂಟಿಕೊಂಡಿದೆ. ಹೀಗಾಗಿ ಇದು ದೂರದೇಶದವರ ಚಟದ ವಿಚಾರವಲ್ಲ, ನಮ್ಮ ಬೇಸಾಯಕ್ಕೆ ಸಂಬಂಧಿಸಿದ್ದು.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಲೋಸ್ ದೆ ಲೋಸ್ ಸಿಯೆತೆಯ ರುಚಿಯಲ್ಲಿ ನಾವು ಅನುಕರಿಸುವಂಥದ್ದು ಕಡಿಮೆ. ಅದನ್ನು ಕಟ್ಟಿದ ಬಗೆಯಲ್ಲಿ ಕಲಿಯುವಂಥದ್ದು ಬಹಳ. ನಮ್ಮಲ್ಲಿ ಇದುವರೆಗೆ ಆಗಿರುವುದು ಇದಕ್ಕೆ ತಿರುಗುಮುರುಗು: ರುಚಿಯನ್ನು ಅನುಕರಿಸಿದ್ದೇವೆ, ಕಟ್ಟೋಣವನ್ನು ಕಣ್ಣೆತ್ತಿಯೂ ನೋಡಿಲ್ಲ.

ರೋಲಾಂ ಹುಟ್ಟಿದ್ದು 1947ರಲ್ಲಿ, ಬೋರ್ದೋದ ಲಿಬೂರ್ನ್ ಪಟ್ಟಣದಲ್ಲಿ. ಪೊಮೆರೋಲ್‌ನಲ್ಲಿ ಅವರ ಮನೆತನಕ್ಕೆ ‘ಶಾತೋ ಲೆ ಬೋಂ ಪಾಸ್ತರ್’ ಎಂಬ ತೋಟವಿತ್ತು. ವೈನು ವಿಜ್ಞಾನ ಓದಿ, ಹೆಂಡತಿ ದಾನಿ ರೋಲಾಂ ಜೊತೆಗೆ ಪ್ರಯೋಗಶಾಲೆ ನಡೆಸುತ್ತ, ತೋಟದ ಒಡೆಯರಿಗೆ ಸಲಹೆ ಕೊಡುವುದನ್ನೇ ವೃತ್ತಿ ಮಾಡಿಕೊಂಡರು. ಅವರ ಸಲಹೆಯ ತಿರುಳು ಸರಳ. ಬಳ್ಳಿಗೆ ಹೊರೆಯಾಗುವಷ್ಟು ಗೊನೆ ಬಿಡಬೇಡಿ, ಹೆಚ್ಚಾದ ಕಾಯಿಗಳನ್ನು ಹಸಿರಿರುವಾಗಲೇ ತೆಗೆದುಬಿಡಿ. ಗೊನೆಗೆ ಬಿಸಿಲು ತಾಗುವಂತೆ ಎಲೆ ಕೀಳಿ. ಸಕ್ಕರೆ ಏರಿತೆಂದು ಅವಸರ ಮಾಡದೆ ಸಿಪ್ಪೆ, ಬೀಜ ಎಲ್ಲ ಮಾಗುವವರೆಗೆ ಕಾಯಿರಿ. ವೈನರಿಯನ್ನು ಚೊಕ್ಕಟವಾಗಿಡಿ. ಬೋರ್ದೋದಲ್ಲಿ ಮಳೆಗೆ ಹೆದರಿ ಬೇಗ ಕೊಯ್ಯುತ್ತಿದ್ದ ಕಾಲದಲ್ಲಿ ಈ ಮಾತು ದೊಡ್ಡ ಬದಲಾವಣೆ ತಂದಿತು.

1988ರಲ್ಲಿ ರೋಲಾಂ ಅರ್ಜೆಂಟೀನಾಕ್ಕೆ ಹೋದರು. ಸಾಲ್ತಾ ಪ್ರಾಂತದ ಕಫಾಯಾತೆಯ ಎಚಾರ್ತ್ ವೈನರಿ ಅವರನ್ನು ಕರೆಸಿಕೊಂಡಿತ್ತು. ಹತ್ತು ವರ್ಷಗಳ ನಂತರ, 1998ರಲ್ಲಿ, ಅವರೂ ಗೆಳೆಯ ಜಾಂ-ಮಿಶೆಲ್ ಆರ್ಕೋತ್ ಅವರೂ ಸೇರಿ ಮೆಂಡೋಜಾದ ಊಕೋ ಕಣಿವೆಯಲ್ಲಿ, ವಿಸ್ತಾ ಫ್ಲೋರೆಸ್ ಎಂಬಲ್ಲಿ, ಸುಮಾರು 850 ಹೆಕ್ಟೇರ್ ಬರಡು ಭೂಮಿ ಆರಿಸಿದರು. ಅಂದರೆ ಎರಡು ಸಾವಿರ ಎಕರೆಗೂ ಹೆಚ್ಚು. ಅಷ್ಟನ್ನು ಒಬ್ಬರು ಹೊರುವುದು ಆಗದ ಮಾತು. ಬೋರ್ದೋದ ಪರಿಚಿತ ಮನೆತನಗಳನ್ನು ಕೇಳಿ ಪಾಲುದಾರರಾಗಿ ಕೂಡಿಸಿಕೊಂಡರು. ಆರ್ಕೋತ್ 2001ರಲ್ಲಿ ತೀರಿಕೊಂಡರು. ಮೊದಲ ಸುಗ್ಗಿಯ ವೈನು ತಯಾರಾದದ್ದು 2002ರಲ್ಲಿ.

ಆ ವರ್ಷಕ್ಕೆ ಬೇರೊಂದು ಮಹತ್ವವೂ ಇದೆ. 1991ರಿಂದ ಅರ್ಜೆಂಟೀನಾದ ಪೆಸೊವನ್ನು ಡಾಲರಿಗೆ ಸಮನಾಗಿ ಕಟ್ಟಿಹಾಕಿದ್ದರು. 2002ರ ಜನವರಿಯಲ್ಲಿ ಆ ಕಟ್ಟು ಕಳಚಿ ಪೆಸೊ ಕುಸಿಯಿತು. ದೇಶದೊಳಗೆ ಜನ ಕಂಗೆಟ್ಟರು. ಹೊರಗೆ ಮಾರುವವರಿಗೆ ಮಾತ್ರ ಕೂಲಿ, ಸಾಮಗ್ರಿ ಎಲ್ಲ ಡಾಲರಿನ ಲೆಕ್ಕದಲ್ಲಿ ಅಗ್ಗವಾಯಿತು. ಆ ದೇಶದ ಮಾಲ್ಬೆಕ್ ವೈನು ಜಗತ್ತಿನ ಅಂಗಡಿಗಳನ್ನು ತುಂಬಿದ್ದರ ಹಿಂದೆ ಈ ಸಂಕಟವೂ ಇದೆ. ಕೈಗೆಟಕುವ ಬೆಲೆ ಎಂಬುದು ಬರೀ ಜಾಣತನದಿಂದ ಹುಟ್ಟುವುದಿಲ್ಲ, ಯಾರದೋ ಕಷ್ಟ ಅದರೊಳಗೆ ಸೇರಿರುತ್ತದೆ. ವೈನನ್ನು ಹೊಗಳುವಾಗ ಇದನ್ನು ಮರೆಯಬಾರದು.

ಇನ್ನು ಕಟ್ಟೋಣದ ಮಾತು. ಪಾಲುದಾರರು ತಂತಮ್ಮ ಪಾಲಿನ ಭೂಮಿಯಲ್ಲಿ ಬಳ್ಳಿ ನೆಟ್ಟರು, ಹಲವರು ತಮ್ಮದೇ ವೈನರಿ ಕಟ್ಟಿಕೊಂಡರು. ಮೊಂತೆವಿಯೆಹೊ, ಕುವೆಲಿಯೆ ಲೋಸ್ ಆಂದೆಸ್, ದಿಯಾಮಾಂದೆಸ್, ಬೊದೇಗಾ ರೋಲಾಂ ಹೀಗೆ ಬೇರೆ ಬೇರೆ ಹೆಸರು. ಪ್ರತಿಯೊಬ್ಬರೂ ತಮ್ಮ ವೈನಿನಲ್ಲಿ ಒಂದು ಭಾಗವನ್ನು ತಮ್ಮ ಹೆಸರಿನಲ್ಲೇ ಮಾರುತ್ತಾರೆ. ಉಳಿದದ್ದನ್ನು ಒಂದೆಡೆ ಕೂಡಿಸುತ್ತಾರೆ. ಅದನ್ನೆಲ್ಲ ರುಚಿ ನೋಡಿ, ಹದ ನೋಡಿ ಬೆರೆಸಿ ಒಂದೇ ಹೆಸರಿನಲ್ಲಿ ಹೊರಡಿಸುವುದು ರೋಲಾಂ ವಹಿಸಿಕೊಂಡ ಕೆಲಸ. ಅರ್ಧದಷ್ಟೋ ಅದಕ್ಕೂ ಹೆಚ್ಚೋ ಮಾಲ್ಬೆಕ್. ಜೊತೆಗೆ ಮೆರ್ಲೋ, ಕ್ಯಾಬರ್ನೆ ಸೊವಿನ್ಯೋಂ, ಸಿರಾ, ಸ್ವಲ್ಪ ಪೆಟಿ ವರ್ದೋ. ಪ್ರಮಾಣ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಒಂದು ತೋಟಕ್ಕೆ ಆಲಿಕಲ್ಲು ಬಿದ್ದರೆ ಇನ್ನೊಂದು ತೋಟ ಕೈಹಿಡಿಯುತ್ತದೆ. ಲಕ್ಷಗಟ್ಟಲೆ ಬಾಟಲಿಗಳು ಒಂದೇ ಹೆಸರಿನಲ್ಲಿ ಹೋಗುವುದರಿಂದ ಮಾರಾಟದ ಖರ್ಚು ಹಂಚಿಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಳ್ಳಿಯ ಒಡೆಯರೇ ಬಾಟಲಿಯ ಒಡೆಯರು. ನಡುವೆ ಹಣ್ಣನ್ನು ಯಾರಿಗೂ ಮಾರಬೇಕಿಲ್ಲ.

ಕೈಯಿಂದ ಕೊಯ್ದು, ಆರಿಸಿ, ಪೀಪಾಯಿಯಲ್ಲಿಟ್ಟು ಮಾಡುವ ವೈನನ್ನು ಈ ಬೆಲೆಗೆ ಕೊಡಲು ಸಾಧ್ಯವಾದದ್ದು ಈ ಏರ್ಪಾಡಿನಿಂದ. ಆದರೆ ಇದರಲ್ಲೂ ಒಂದು ಕೊರತೆ ಎದ್ದು ಕಾಣುತ್ತದೆ. ಆ ಏಳರಲ್ಲಿ ಮೆಂಡೋಜಾದ ರೈತನೊಬ್ಬನೂ ಇರಲಿಲ್ಲ. 1853ರಲ್ಲಿ ಮಿಶೆಲ್ ಪೂಜೆ ಎಂಬ ಫ್ರೆಂಚ್ ತಜ್ಞ ಮಾಲ್ಬೆಕ್ ಬಳ್ಳಿಯನ್ನು ಅರ್ಜೆಂಟೀನಾಕ್ಕೆ ತಂದಂದಿನಿಂದ ಅದನ್ನು ಬೆಳೆಸಿ ಉಳಿಸಿಕೊಂಡು ಬಂದದ್ದು ಅಲ್ಲಿನ ಒಕ್ಕಲು ಮನೆಗಳು. ಅವರ ಅನುಭವದ ಮೇಲೆ ನಿಂತ ತೋಟದಲ್ಲಿ ಅವರಿಗೆ ಒಡೆತನದ ಪಾಲು ಸಿಗಲಿಲ್ಲ. ಕೂಡಿ ದುಡಿಯುವ ಮಾದರಿ ಎಂದು ಇದನ್ನು ಮೆಚ್ಚುವಾಗ, ಕೂಡಿದವರು ಯಾರು ಎಂಬ ಪ್ರಶ್ನೆಯನ್ನೂ ಜೊತೆಗಿಟ್ಟುಕೊಳ್ಳಬೇಕು.

ರುಚಿಗೆ ಬರೋಣ. ಬಣ್ಣ ಮಾಗಿದ ನೇರಳೆಯದು, ಅಷ್ಟೇ ಗಾಢ. ಮೂಗಿಗೆ ಮೊದಲು ಕಪ್ಪು ಹಣ್ಣು, ಬೆನ್ನಲ್ಲೇ ಲವಂಗ, ಸುಟ್ಟ ಕಟ್ಟಿಗೆಯ ಹೊಗೆ. ನಾಲಗೆಯ ಮೇಲೆ ದುಂಡಗೆ, ತುಂಬಿಕೊಂಡು ಹರಡುತ್ತದೆ. ಕೆಂಪು ವೈನಿಗೆ ಬೆನ್ನೆಲುಬಾಗಬೇಕಾದ ಒಗರು ಇದೆ, ಆದರೆ ಅದರ ಅಂಚುಗಳನ್ನೆಲ್ಲ ಮೊದಲೇ ಸವರಿ ನುಣುಪು ಮಾಡಿದ್ದಾರೆ. ಮದ್ಯಾಂಶ ಶೇ. 14ಕ್ಕಿಂತ ಮೇಲೆಯೇ. ಬಾಡಿನ ಊಟಕ್ಕೆ ಒಪ್ಪುತ್ತದೆ. ಬದನೆಕಾಯಿ ಎಣಗಾಯಿಯ ಶೇಂಗಾ, ಗುರೆಳ್ಳಿನ ಮಸಾಲೆಗೂ ಸರಿಹೋಗುತ್ತದೆ. ಕೆಂಪು ಮೆಣಸಿನಕಾಯಿಯ ರಂಜಕದ ಮುಂದೆ ಮಾತ್ರ ಮದ್ಯದ ಬಿಸಿ ಏರಿ, ಎರಡೂ ಕೆಡುತ್ತವೆ.

ಒಳ್ಳೆಯ ವೈನು, ಸಂಶಯವಿಲ್ಲ. ಬೆಲೆಗೆ ಮೋಸವಿಲ್ಲ. ವರ್ಷ ಬದಲಾದರೂ ಹದ ತಪ್ಪದ ನಂಬಿಕಸ್ತ ವೈನು. ಆದರೆ ಎರಡನೆಯ ಲೋಟಕ್ಕೆ ಹೊಸದೇನನ್ನೂ ಹೇಳುವುದಿಲ್ಲ. ಇದನ್ನು ಊಕೋ ಕಣಿವೆಯದು ಎಂದು ಗುರುತಿಸಲು ಕಣ್ಣು ಮುಚ್ಚಿ ಕುಡಿದವರಿಗೆ ಸುಲಭವಲ್ಲ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿನ ನೆಲ, ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆ, ಆಂಡೀಸ್ ಪರ್ವತದ ಹಿಮ ಕರಗಿ ಬರುವ ನೀರು, ಹಗಲು ಸುಡುವ ಬಿಸಿಲು, ರಾತ್ರಿ ಕೊರೆಯುವ ಚಳಿ: ಇಷ್ಟು ವಿಶಿಷ್ಟವಾದ ಜಾಗದ ವೈನು ಇನ್ನಷ್ಟು ಹರಿತವಾಗಿರಬೇಕಿತ್ತು. 2004ರಲ್ಲಿ ಜೊನಾಥನ್ ನೊಸಿಟರ್ ತೆಗೆದ ‘ಮೊಂಡೊವಿನೊ’ ಸಾಕ್ಷ್ಯಚಿತ್ರ ರೋಲಾಂ ಮೇಲೆ ಹೊರಿಸಿದ ಆಕ್ಷೇಪವೂ ಇದೇ. ಜಗತ್ತಿನ ಎಲ್ಲ ಮೂಲೆಗಳ ವೈನನ್ನೂ ಒಂದೇ ಅಚ್ಚಿಗೆ ಎರಕ ಹೊಯ್ಯುತ್ತಿದ್ದಾರೆ ಎಂದು. ಆ ಚಿತ್ರ ರೋಲಾಂ ವಿಷಯದಲ್ಲಿ ಪೂರ್ತಿ ನ್ಯಾಯವಾಗಿ ನಡೆದುಕೊಂಡಿಲ್ಲ. ಕೊಳಕು ವೈನರಿಗಳನ್ನು ಚೊಕ್ಕಟ ಮಾಡಿಸಿ, ಹುಳಿ ತಿರುಗಿದ ವೈನು ಕುಡಿಯುತ್ತಿದ್ದವರಿಗೆ ಸರಿಯಾದ ವೈನು ಸಿಗುವಂತೆ ಮಾಡಿದ ಉಪಕಾರ ಅದರಲ್ಲಿ ಕಾಣುವುದಿಲ್ಲ. ಆದರೂ ಆಕ್ಷೇಪದಲ್ಲಿ ಹುರುಳಿದೆ, ಅದಕ್ಕೆ ಸಾಕ್ಷಿ ಈ ಬಾಟಲಿಯಲ್ಲೇ ಇದೆ.

ಇದೇ ರೋಲಾಂ ಕರ್ನಾಟಕಕ್ಕೆ ಬಂದದ್ದು 1990ರ ದಶಕದ ನಡುವಿನಲ್ಲಿ, ಗ್ರೋವರ್ ವೈನರಿಯ ಸಲಹೆಗಾರರಾಗಿ. ಸ್ಥಾಪಕ ಕನ್ವಲ್ ಗ್ರೋವರ್ ರೈತ ಮನೆತನದವರಲ್ಲ. ವ್ಯಾಪಾರದ ಸಲುವಾಗಿ ಫ್ರಾನ್ಸಿಗೆ ಹೋಗಿ ಬರುತ್ತ ಅಲ್ಲಿನ ವೈನಿನ ರುಚಿ ಹಿಡಿದವರು. ಶಾಂಪೇನ್ ಪ್ರದೇಶದ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ಹಲವು ಫ್ರೆಂಚ್ ತಳಿಗಳನ್ನು ಬೆಳೆಸಿ ನೋಡಿ, ದೊಡ್ಡಬಳ್ಳಾಪುರದ ಬಳಿ ನಂದಿ ಬೆಟ್ಟದ ತಪ್ಪಲನ್ನು ಆರಿಸಿದರು. ಮೊದಲ ವೈನು ಮಾರುಕಟ್ಟೆಗೆ ಬಂದದ್ದು 1992ರಲ್ಲಿ. ಅವರ ‘ಲಾ ರಿಸರ್ವ್’, ಕ್ಯಾಬರ್ನೆ ಸೊವಿನ್ಯೋಂ ಮತ್ತು ಶಿರಾಜ್ ಬೆರೆಸಿದ ಕೆಂಪು ವೈನು, ಕರ್ನಾಟಕದಲ್ಲೂ ಅಂತಾರಾಷ್ಟ್ರೀಯ ಮಟ್ಟದ ವೈನು ಆದೀತು ಎಂದು ತೋರಿಸಿಕೊಟ್ಟಿತು. ಈ ಗೌರವವನ್ನು ಅದರಿಂದ ಯಾರೂ ಕಸಿಯಲಾರರು. 2012ರಲ್ಲಿ ಆ ಕಂಪನಿ ನಾಸಿಕದ ಒಂದು ವೈನರಿಯೊಂದಿಗೆ ಕೂಡಿ ಗ್ರೋವರ್ ಜಂಪಾ ಆಯಿತು.

ಲಾ ರಿಸರ್ವ್ ಅನ್ನು ಮೆಂಡೋಜಾದ ವೈನಿನ ಪಕ್ಕದಲ್ಲಿಟ್ಟರೆ ಇಬ್ಬರೂ ಒಂದೇ ಗುರುವಿನ ಶಿಷ್ಯರು ಎಂಬುದು ತಿಳಿಯುತ್ತದೆ. ಅದೇ ಓಕ್ ಪೀಪಾಯಿಯ ವೆನಿಲಾ, ಅದೇ ಸವರಿದ ಒಗರು. ಆದರೆ ನಂದಿಯ ವೈನಿನಲ್ಲಿ ಕರಿಮೆಣಸಿನ ಘಾಟು, ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆಯ ಎಳೆಯೊಂದು ಇಣುಕುತ್ತದೆ. ಕೆಲವರು ಅದನ್ನು ದೋಷ ಎನ್ನುತ್ತಾರೆ. ನನಗೆ ಆ ವೈನು ತನ್ನ ನೆಲದ ಬಗ್ಗೆ ಬಾಯಿಬಿಡುವ ಜಾಗ ಅದೇ ಅನ್ನಿಸುತ್ತದೆ. ಮುಚ್ಚಿಹಾಕುವ ಬದಲು ಅದನ್ನು ಬೆಳೆಸಬೇಕಿತ್ತು.

ನಮಗೆ ಇನ್ನೂ ಹತ್ತಿರದ್ದು ಸೊಲ್ಲಾಪುರ ಜಿಲ್ಲೆಯ ಅಕಲೂಜಿನ ಫ್ರಾತೆಲ್ಲಿ. ಇಲ್ಲಿಯೂ ಏಳು ಜನ. ಇಟಲಿಯ ಸೆಚ್ಚಿ, ದಿಲ್ಲಿಯ ಸೇಖ್ರಿ, ಅಕಲೂಜಿನ ಮೋಹಿತೆ-ಪಾಟೀಲ ಎಂಬ ಮೂರು ಮನೆತನಗಳ ಏಳು ಸಹೋದರರು. ಅವರ ವೈನುಗಳಿಗೆ ರೂಪ ಕೊಟ್ಟವರು ಇಟಲಿಯ ತಜ್ಞ ಪಿಯೆರೊ ಮಾಸಿ. ಏಳರ ನೆನಪಿಗೆ ಇವರೂ ಒಂದು ವೈನು ಮಾಡಿದರು, ಸಾಂಜೊವೇಸೆ ಮತ್ತು ಕ್ಯಾಬರ್ನೆ ಬೆರೆಸಿದ ‘ಸೆತ್ತೆ’. ನೆಲದ ಮಕ್ಕಳು ಒಡೆತನದಲ್ಲಿ ಪಾಲುದಾರರಾದದ್ದು ಇಲ್ಲಿನ ಹೆಚ್ಚುಗಾರಿಕೆ, ಮೆಂಡೋಜಾದ ಏಳರಲ್ಲಿ ಇಲ್ಲದ್ದು. ಆದರೆ ಸೆತ್ತೆ ಅವರ ದುಬಾರಿ ವೈನುಗಳ ಸಾಲಿನದು. ವಿಸ್ತಾ ಫ್ಲೋರೆಸ್‌ನ ಏಳು ಮನೆಗಳು ತಮ್ಮ ಒಗ್ಗಟ್ಟಿನ ಗುರುತನ್ನು ಎಲ್ಲರ ಕೈಗೆಟಕುವ ಬಾಟಲಿಯ ಮೇಲೆ ಹಾಕಿದವು. ಅಕಲೂಜಿನ ಏಳು ಸಹೋದರರು ಅದನ್ನು ಕಪಾಟಿನ ಮೇಲುಸಾಲಿನ ಬಾಟಲಿಗೆ ಇಟ್ಟರು. ಭಾರತದ ವೈನು ಉದ್ಯಮದ ಮನಸ್ಸು ಎತ್ತ ವಾಲಿದೆ ಎಂಬುದನ್ನು ಈ ವ್ಯತ್ಯಾಸ ಹೇಳುತ್ತದೆ.

ಹೊರಗಿನ ಒಳ್ಳೆಯ ಅಗ್ಗದ ವೈನು ಭಾರತದಲ್ಲಿ ಅಗ್ಗವಾಗಿ ಉಳಿಯುವುದಿಲ್ಲ. ಆಮದಿನ ಮೇಲೆ ದೀರ್ಘಕಾಲ ಶೇ. 150ರಷ್ಟು ಸುಂಕವಿತ್ತು, ಅದರ ಮೇಲೆ ಆಯಾ ರಾಜ್ಯದ ಅಬಕಾರಿ. ಬೆಂಗಳೂರಿನ ಅಂಗಡಿ ಮುಟ್ಟುವ ಹೊತ್ತಿಗೆ ಮೆಂಡೋಜಾದ ದಿನಬಳಕೆಯ ವೈನು ಶ್ರೀಮಂತರ ಸರಕು. ಇತ್ತ ಕಡಿಮೆ ಬೆಲೆಗೆ ಸಿಗುವ ಕೆಂಪು ವೈನೆಂದರೆ ‘ಪೋರ್ಟ್’ ಎಂಬ ಹೆಸರಿನ ಸಿಹಿ ವೈನು. ಅದರ ಸಕ್ಕರೆ ಹಣ್ಣಿನ ಕೊರತೆಯನ್ನು ಮುಚ್ಚುತ್ತದೆ. ಈ ಎರಡರ ನಡುವಿನ ಜಾಗ, ಸಿಹಿ ಬೆರೆಸದ, ಶುದ್ಧ ಹಣ್ಣಿನ, ನ್ಯಾಯದ ಬೆಲೆಯ ವೈನಿನ ಜಾಗ, ನಮ್ಮಲ್ಲಿ ಬಹುಮಟ್ಟಿಗೆ ಖಾಲಿ ಬಿದ್ದಿದೆ.

ಆ ಜಾಗಕ್ಕೆ ಕೃಷ್ಣೆಯ ದಂಡೆಯಿಂದ ಏನಾದರೂ ಬರಬಹುದೆ? 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ವೈನ್ ಮಂಡಳಿ ಸ್ಥಾಪಿಸಿತು. ನಂದಿ ಕಣಿವೆಯ ಜೊತೆಗೆ ಕೃಷ್ಣಾ ಕಣಿವೆಯನ್ನೂ ವೈನು ವಲಯವೆಂದು ಗುರುತಿಸಿತು. ಕಾಗದದ ಮೇಲೆ ಬಾಗಲಕೋಟೆ ಜಿಲ್ಲೆಗೆ ಅಂದೇ ಸ್ಥಾನ ಸಿಕ್ಕಿತು. ಪಡದಲ್ಲಿ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ. ನಮ್ಮ ರೈತರು ಬೆಳೆಯುವುದು ಬಹುಪಾಲು ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ಕುಲದ ತಾಸ್-ಎ-ಗಣೇಶ, ಸೋನಾಕಾ, ಮಾಣಿಕ ಚಮನ್. ತಿನ್ನಲು, ಒಣದ್ರಾಕ್ಷಿ ಮಾಡಲು ಇವು ಉತ್ತಮ. ತೆಳು ಸಿಪ್ಪೆ, ಬೀಜವಿಲ್ಲ, ಜಿ.ಎ. (ಜಿಬ್ಬರೆಲಿಕ್ ಆಮ್ಲ) ಹೊಡೆದರೆ ಕಾಯಿ ದಪ್ಪವಾಗುತ್ತದೆ. ಕೆಂಪು ವೈನಿಗೆ ಬೇಕಾದದ್ದು ಇದಕ್ಕೆ ವಿರುದ್ಧ: ಸಣ್ಣ ಕಾಯಿ, ದಪ್ಪ ಸಿಪ್ಪೆ, ಬೀಜ, ಕಪ್ಪು ಬಣ್ಣ, ಕಡಿಮೆ ಇಳುವರಿ. ಒಂದು ಪಡ ಎರಡನ್ನೂ ಕೊಡಲಾರದು.

ಹವೆಯೂ ಬೇರೆ. ಮೆಂಡೋಜಾದಲ್ಲಿ ಬಳ್ಳಿ ಚಳಿಗಾಲಕ್ಕೆ ತಾನಾಗಿ ನಿದ್ದೆಹೋಗುತ್ತದೆ. ಇಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಏಪ್ರಿಲ್ ಚಾಟ್ನಿಯಿಂದ ಕಡ್ಡಿ, ಅಕ್ಟೋಬರ್ ಚಾಟ್ನಿಯಿಂದ ಹಣ್ಣು ಎಂದು ನಾವೇ ಅದರ ವರ್ಷವನ್ನು ನಡೆಸುತ್ತೇವೆ. ಹಣ್ಣು ಮಾಗುವುದು ಫೆಬ್ರವರಿ-ಮಾರ್ಚಿನಲ್ಲಿ, ಬಿಸಿಲು ಏರುತ್ತಿರುವಾಗ. ಸಕ್ಕರೆ ಮುಂದೆ ಓಡುತ್ತದೆ, ಹುಳಿ ಬೇಗ ಇಳಿಯುತ್ತದೆ, ಸಿಪ್ಪೆಯ ಒಗರು ಹಿಂದುಳಿಯುತ್ತದೆ. ಕೊಯ್ಲನ್ನು ತಡಮಾಡಿ ಎಂಬ ರೋಲಾಂ ಸೂತ್ರವನ್ನು ಜಮಖಂಡಿಯಲ್ಲಿ ಪಾಲಿಸಿದರೆ ಕೈಗೆ ಬರುವುದು ಹುಳಿ ಸತ್ತ, ಮದ್ಯ ಏರಿದ, ಬೆಂದ ಹಣ್ಣಿನಂಥ ವೈನು. ಇಲ್ಲಿಗೆ ಬೇಕಾದದ್ದು ಬಿಸಿಲು ತಡೆಯುವ ತಳಿ, ನಸುಕಿನ ಕೊಯ್ಲು, ಪೀಪಾಯಿಯ ಹಂಗಿಲ್ಲದ ಹಗುರ ಕೆಂಪು ವೈನು. ಶಿರಾಜ್, ಟೆಂಪ್ರನಿಯೊದಂಥ ತಳಿಗಳನ್ನು ನಮ್ಮ ಎರೆಭೂಮಿಯಲ್ಲಿ, ಮಡ್ಡಿಯಲ್ಲಿ ಬೇರೆ ಬೇರೆಯಾಗಿ ಬೆಳೆಸಿ, ವೈನು ಮಾಡಿ, ಫಲವನ್ನು ರೈತರ ಮುಂದಿಡುವ ಕೆಲಸ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಒಪ್ಪುವಂಥದ್ದು. ನೀರು ಹೆಚ್ಚಾಗಿ ಸವಳು-ಜವಳಾದ ಹೊಲಗಳನ್ನು ಕಂಡ ಈ ಸೀಮೆಗೆ, ಹನಿ ನೀರಾವರಿಯಲ್ಲಿ ಬೆಳೆಯುವ ಬೆಳೆಯ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ತಳಿಗಿಂತ ದೊಡ್ಡ ಪ್ರಶ್ನೆ ಒಡೆತನದ್ದು. 2008ರ ಆರ್ಥಿಕ ಕುಸಿತದ ನಂತರ ಮಹಾರಾಷ್ಟ್ರದಲ್ಲಿ ವೈನರಿಗಳು ಹಣ್ಣು ಕೊಳ್ಳುವುದನ್ನು ಕಡಿಮೆ ಮಾಡಿದಾಗ, ಅವುಗಳನ್ನು ನಂಬಿ ವೈನು ತಳಿ ನೆಟ್ಟಿದ್ದ ರೈತರು ಬಳ್ಳಿಗಳನ್ನೇ ಕಿತ್ತುಹಾಕಬೇಕಾಯಿತು. ಟೇಬಲ್ ದ್ರಾಕ್ಷಿಯನ್ನು ಮಾರುಕಟ್ಟೆ ಬಿದ್ದರೆ ಒಣಗಿಸಿಡಬಹುದು. ವೈನು ದ್ರಾಕ್ಷಿಗೆ ವೈನರಿ ಬಿಟ್ಟರೆ ಗತಿಯಿಲ್ಲ. ವೈನರಿಯಲ್ಲಿ ಪಾಲಿಲ್ಲದೆ ವೈನು ದ್ರಾಕ್ಷಿ ನೆಡಿ ಎಂದು ರೈತನಿಗೆ ಹೇಳುವುದು ಅನ್ಯಾಯ. ವಿಸ್ತಾ ಫ್ಲೋರೆಸ್‌ನ ಪಾಠ ನಮಗೆ ದಕ್ಕುವುದು ಇಲ್ಲೇ: ಬಳ್ಳಿ, ವೈನರಿ, ಹೆಸರು ಮೂರೂ ಒಂದೇ ಕೈಯಲ್ಲಿರಬೇಕು, ಮತ್ತು ಆ ಕೈ ಉಳುವವರದಾಗಿರಬೇಕು.

ಇದು ನಮ್ಮಿಂದಾಗದು ಎನ್ನುವವರು ಚಿಕ್ಕಪಡಸಲಗಿಗೆ ಹೋಗಿ ನೋಡಬೇಕು. 1989ರಲ್ಲಿ ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ಕೃಷ್ಣಾ ತೀರದ ರೈತರು ಸರ್ಕಾರದ ಹಣಕ್ಕೆ ಕಾಯದೆ, ತಾವೇ ವಂತಿಗೆ ಹಾಕಿ, ಶ್ರಮದಾನ ಮಾಡಿ ನದಿಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂದು ಅದಕ್ಕೆ ಹೆಸರು. ಬೋರ್ದೋದ ಏಳು ಮನೆಗಳು ಕೂಡಿಸಿದ್ದು ಬಂಡವಾಳವನ್ನು. ಇಲ್ಲಿನ ಊರುಗಳು ಬೆವರನ್ನೂ ಕೂಡಿಸಿದವು. ಕೂಡಿ ಕಟ್ಟುವ ವಿದ್ಯೆಯಲ್ಲಿ ನಾವು ಮೆಂಡೋಜಾಕ್ಕಿಂತ ಹಿಂದಿಲ್ಲ. ಕಟ್ಟಿದ ನೀರಿನಿಂದ ಬೆಳೆದದ್ದನ್ನು ಕೂಡಿ ಮಾರುವ ವಿದ್ಯೆಯಲ್ಲಿ ಹಿಂದಿದ್ದೇವೆ. ನಮ್ಮ ಒಣದ್ರಾಕ್ಷಿ ಸಾಂಗಲಿ, ತಾಸಗಾಂವದ ಅಡತಿ ಅಂಗಡಿ ಸೇರಿದ ಮೇಲೆ ಅದು ಜಮಖಂಡಿಯದೆಂದು ಯಾರಿಗೆ ಗೊತ್ತು? ರಬಕವಿ-ಬನಹಟ್ಟಿಯ ಮಗ್ಗದ ಸೀರೆ ಊರು ದಾಟಿದ ಮೇಲೆ ನೇಕಾರನ ಹೆಸರು ಯಾರ ಬಾಯಲ್ಲಿದೆ?

ಒಂದು ಗಂಭೀರ ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಇದು ಶರಣರ ನೆಲ. ಮದ್ಯದಿಂದ ಬೀದಿಗೆ ಬಿದ್ದ ಮನೆಗಳನ್ನು ಕಂಡ ನೆಲವೂ ಹೌದು. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಹೆಣ್ಣುಮಕ್ಕಳ ಮುಂದೆ ನಿಂತು ವೈನು ಆರೋಗ್ಯಕ್ಕೆ ಒಳ್ಳೆಯದು ಎಂದು ಹೇಳುವ ಧೈರ್ಯ ನನಗಿಲ್ಲ. ಹೇಳಿದರೆ ಅದು ಸುಳ್ಳು. ವೈನೂ ಮದ್ಯವೇ. ಕಬ್ಬಿನ ಕಾಕಂಬಿಯಿಂದ ಸ್ಪಿರಿಟ್ ತೆಗೆಯುವ ಕಾರ್ಖಾನೆಗಳು ಈ ಸೀಮೆಯಲ್ಲಿವೆ, ಆದ್ದರಿಂದ ವೈನು ಆದರೇನು ಎಂಬ ವಾದವೂ ನನಗೆ ಒಪ್ಪಿಗೆಯಿಲ್ಲ. ಒಂದು ಹಾನಿ ಇನ್ನೊಂದಕ್ಕೆ ಪರವಾನಿಗೆಯಾಗದು. ವೈನರಿ ಬೇಕೋ ಬೇಡವೋ ಎಂಬುದನ್ನು ಊರಿನ ಹೆಣ್ಣುಮಕ್ಕಳೂ ಕೂತ ಸಭೆ ತೀರ್ಮಾನಿಸಲಿ. ಬೇಡವೆಂದರೆ ಬೇಡ.

ಆಗಲೂ ಈ ಬಾಟಲಿಯ ಪಾಠ ವ್ಯರ್ಥವಾಗುವುದಿಲ್ಲ. ಏಳು ಮನೆಗಳು ತಮ್ಮ ತಮ್ಮ ಹೆಸರು ಉಳಿಸಿಕೊಂಡೇ ಒಂದು ಪಾಲನ್ನು ಸಾಮಾನ್ಯ ಹೆಸರಿಗೆ ಕೊಟ್ಟವು. ಗುಣ ನೋಡಿ ಬೆರೆಸುವ ಅಧಿಕಾರವನ್ನು ಬಲ್ಲವರೊಬ್ಬರಿಗೆ ಒಪ್ಪಿಸಿದವು. ಬೆಲೆಯನ್ನು ಸಾಮಾನ್ಯರ ಅಳವಿನಲ್ಲಿಟ್ಟವು. ಇದೇ ಏರ್ಪಾಡನ್ನು ಒಣದ್ರಾಕ್ಷಿಗೆ ಇಂದೇ ಹಚ್ಚಬಹುದು. ಸಾವಳಗಿಯ, ಬೀಳಗಿಯ, ಮುಧೋಳದ ಪಡಗಳ ಮಾಲನ್ನು ಒಂದೆಡೆ ತಂದು, ಬಣ್ಣ, ಗಾತ್ರ, ಸಿಹಿ, ಔಷಧದ ಅಂಶ ಪರೀಕ್ಷಿಸಿ, ಕೃಷ್ಣೆಯ ದಂಡೆಯ ಹೆಸರಿನಲ್ಲಿ ಮಾರುವ ರೈತರ ಕಂಪನಿಗೆ ಅಬಕಾರಿ ಪರವಾನಿಗೆಯೂ ಬೇಡ, ಫ್ರೆಂಚ್ ತಜ್ಞನೂ ಬೇಡ. ಅದು ನಾಲ್ಕಾರು ಸುಗ್ಗಿ ನಿಂತು, ಒಬ್ಬರನ್ನೊಬ್ಬರು ನಂಬಿ ಮಾಲು ಕೂಡಿಸುವ ರೂಢಿ ಬೇರೂರಿದ ಮೇಲೆ ವೈನಿನ ಮಾತು ಆಡಬಹುದು.

ಆದ್ದರಿಂದ ಕ್ಲೋಸ್ ದೆ ಲೋಸ್ ಸಿಯೆತೆಗೆ ನಾನು ಕೊಡುವ ಅಂಕ ಎರಡು ಬಗೆಯದು. ವೈನಾಗಿ ಅದು ಮೇಲುದರ್ಜೆಯ ಕಸುಬು, ಮಧ್ಯಮ ದರ್ಜೆಯ ವ್ಯಕ್ತಿತ್ವ. ಒಂದು ಸಂಸ್ಥೆಯಾಗಿ, ತನ್ನ ಕೊರತೆಗಳ ಸಮೇತ, ಅದು ಕೃಷ್ಣಾ ತೀರದ ರೈತರು ಕೂತು ಓದಬೇಕಾದ ಪಾಠ. ಆ ಏರ್ಪಾಡಿನೊಳಗೆ ಸಾಗುವಳಿ ಮಾಡುವವರನ್ನು ಒಡೆಯರನ್ನಾಗಿ ಕೂಡಿಸುವುದು ಮೆಂಡೋಜಾದ ಏಳು ಮನೆಗಳಿಂದ ಆಗಲಿಲ್ಲ. ಬ್ಯಾರೇಜು ಕಟ್ಟಿದವರಿಂದ ಅದು ಆದೀತು.